ಫೋಮ್ ಜೆಟ್ ಕಟ್ಟುವ ಮೊದಲು: ಪ್ರೊಪೆಲರ್ರೋ, ಫ್ಯಾನೋ, ರೆಡಿಮೇಡೋ?

"ಟ್ರೇನರ್ ವಿಮಾನ ಹಾರಿಸಿದ್ದಾಯ್ತು ಸಾರ್. ಈಗ ಜೆಟ್ ಕಟ್ಟಬೇಕು ಅಂತಿದೀನಿ. ಹಿಂದೆ ಪ್ರೊಪೆಲರ್ ಇರೋದು ಮಾಡ್ಲಾ, ಒಳಗೆ ಫ್ಯಾನ್ ಇರೋದು ಮಾಡ್ಲಾ, ಇಲ್ಲ ರೆಡಿಮೇಡೇ ತಗೊಂಡುಬಿಡ್ಲಾ?" ರಿಮೋಟಿನಲ್ಲಿ ಮಾದರಿ ವಿಮಾನ ಹಾರಿಸುವವರಿಂದ ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಟ್ರೇನರ್ ಅಂದರೆ ಹಾರಿಸುವುದನ್ನು ಕಲಿಯುವ ಮೊದಲ ವಿಮಾನ. ಕೇಳುವವರು ಮೋಟರ್, ಬ್ಯಾಟರಿ ಎಲ್ಲ ಓದಿಕೊಂಡೇ ಬಂದಿರುತ್ತಾರೆ. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: "ಎಲ್ಲಿ ಹಾರಿಸ್ತೀರಿ?" ಅಲ್ಲಿಗೆ ಆ ಕಡೆ ಸ್ವಲ್ಪ ಹೊತ್ತು ಮೌನ.

ಜೆಟ್ ಅಂದರೆ ಇಲ್ಲಿ ನಿಜವಾದ ಜೆಟ್ ಎಂಜಿನ್ ಅಲ್ಲ. ಸೀಮೆಎಣ್ಣೆ ಕುಡಿಯುವ ಪುಟ್ಟ ಟರ್ಬೈನುಗಳೂ ಇವೆ. ಅವುಗಳ ಲೆಕ್ಕ ಲಕ್ಷದಲ್ಲಿ, ಅದನ್ನು ಬಿಡೋಣ. ನಾವು ಮಾತಾಡುತ್ತಿರುವುದು ಫೋಮಿನಲ್ಲಿ ಕಟ್ಟಿದ, ಬ್ಯಾಟರಿಯಲ್ಲಿ ಓಡುವ, ಆಕಾಶದಲ್ಲಿ ಫೈಟರ್ ಜೆಟ್ ಥರ ಕಾಣುವ ಮಾದರಿಯ ಬಗ್ಗೆ.

ದಾರಿ ಮೂರು. ಮೊದಲನೆಯದು ಪಾರ್ಕ್ ಜೆಟ್. ಫೋಮ್ ಹಾಳೆಯ ಚಪ್ಪಟೆ ಮೈ, ನಡುವೆ ಒಂದು ಸೀಳು, ಆ ಸೀಳಿನಲ್ಲಿ ತಿರುಗುವ ಸಣ್ಣ ಪ್ರೊಪೆಲರ್. ಹಾರುವಾಗ ಪ್ರೊಪೆಲರ್ ಕಣ್ಣಿಗೆ ಬೀಳುವುದೇ ಇಲ್ಲ. ಎರಡನೆಯದು ಇಡಿಎಫ್, ಅಂದರೆ ಎಲೆಕ್ಟ್ರಿಕ್ ಡಕ್ಟೆಡ್ ಫ್ಯಾನ್. ಕೊಳವೆಯೊಳಗೆ ಕೂತ ಬಹಳ ರೆಕ್ಕೆಗಳ ಫ್ಯಾನ್ ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಉಗುಳುತ್ತದೆ. ಮೂರನೆಯದು ಅಚ್ಚಿನಲ್ಲಿ ತೆಗೆದ ರೆಡಿಮೇಡ್ ಜೆಟ್. ಡಬ್ಬಿ ತೆರೆದು, ರೆಕ್ಕೆ ಸಿಕ್ಕಿಸಿ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಮತ್ತು ಬ್ಯಾಟರಿ ಹಾಕಿದರೆ ಕೆಲಸ ಮುಗಿಯಿತು. ಅದರಲ್ಲೂ ಹೆಚ್ಚಿನವು ಇಡಿಎಫ್‌ಗಳೇ.

ಇವನ್ನು ಅಳೆಯಲು ನಾನು ಇಟ್ಟುಕೊಂಡಿರುವುದು ಐದು ವಿಷಯ. ಹಾರಿಸುವ ಜಾಗ, ಕೈ ಎಷ್ಟು ಪಳಗಿದೆ ಅನ್ನುವುದು, ಬಿದ್ದರೆ ಏನು ಒಡೆಯುತ್ತದೆ, ಒಟ್ಟು ಖರ್ಚು, ಆಮೇಲೆ ಅಂದ ಮತ್ತು ಸದ್ದು. ಸದ್ದು ಕೊನೆಯಲ್ಲಿದೆ ಅಂತ ಹಗುರ ಮಾಡಬೇಡಿ. ಇಡಿಎಫ್‌ಗೆ ದುಡ್ಡು ಸುರಿದ ನನ್ನ ಪರಿಚಯದವರೆಲ್ಲ ಆ 'ಸುಯ್ಯ್' ಅನ್ನುವ ಸದ್ದಿಗೆ ಮರುಳಾದವರೇ. ನಾನೂ ಆ ಗುಂಪಿನವನೇ.

ಮೊದಲು ನೆಲ

ನಮ್ಮ ಕಡೆ ಬೇಸಿಗೆಯ ಒಣ ಕೆರೆ ಅಂಗಳಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ನೀರು ಹಿಂದೆ ಸರಿದು, ಯುಗಾದಿ ಹೊತ್ತಿಗೆ ನೆಲ ಗಟ್ಟಿಯಾಗುತ್ತದೆ. ಕರೆಂಟ್ ಕಂಬ ಇಲ್ಲ, ತಂತಿ ಇಲ್ಲ, ನಾಲ್ಕೂ ಕಡೆ ಬಯಲು. ಎರಡನೆಯದು ರಾಗಿ ಕೊಯ್ದ ಹೊಲ. ಕೂಳೆ ಚುಚ್ಚುತ್ತದೆ ನಿಜ, ಆದರೆ ಹೊಟ್ಟೆಯ ಮೇಲೆ ಇಳಿಯುವ ಹಗುರ ಫೋಮಿಗೆ ಅದು ಹಾಸಿಗೆ ಇದ್ದ ಹಾಗೆ. ಮೂರನೆಯದು ಊರ ಶಾಲೆಯ ಮೈದಾನ. ಒಂದು ಕಡೆ ಕಟ್ಟಡ, ಇನ್ನೊಂದು ಕಡೆ ತೆಂಗಿನ ಮರ, ನಡುವೆ ಕ್ರಿಕೆಟ್ ಆಡುವ ಹುಡುಗರು.

ಶಾಲೆ ಮೈದಾನ ಮಾತ್ರ ಇದ್ದರೆ ನಿಮ್ಮ ಆಯ್ಕೆ ಆಗಲೇ ಆಗಿಹೋಯಿತು, ಪಾರ್ಕ್ ಜೆಟ್. ಭಾನುವಾರ ಬೆಳಿಗ್ಗೆ ಹುಡುಗರು ಬರುವ ಮೊದಲು ಹೋಗಿ. ಅದು ನೂರು ಮೀಟರಿನೊಳಗೆ ತಿರುಗುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಇಡಿಎಫ್‌ಗೆ ಅದರ ಎರಡರಷ್ಟಾದರೂ ಉದ್ದ ಬೇಕು, ಯಾಕೆಂದರೆ ಅದು ಬೇಗ ಬರುತ್ತದೆ, ನೆಲ ಮುಟ್ಟಿದ ಮೇಲೂ ಜಾರುತ್ತಾ ಹೋಗುತ್ತದೆ. ಚಕ್ರ ಇರುವ ರೆಡಿಮೇಡ್ ಜೆಟ್‌ಗೆ ಡಾಂಬರು ಅಥವಾ ಸಿಮೆಂಟ್ ನೆಲ ಬೇಕು. ಕಡಲೆಕಾಯಿ ಗಾತ್ರದ ಕಲ್ಲಿಗೆ ಅದರ ಮುಂದಿನ ಚಕ್ರ ಬಗ್ಗಿಹೋಗುತ್ತದೆ. ಕೆರೆ ಅಂಗಳದ ಬಿರುಕಿನಲ್ಲಿ ಚಕ್ರ ಸಿಕ್ಕಿಕೊಂಡರೆ ಕಾಲೇ ಕಿತ್ತು ಬರುತ್ತದೆ.

ಬೆಂಗಳೂರಿನವರು ಜಾಗ ಹುಡುಕುವ ಮೊದಲು ನಕ್ಷೆ ನೋಡಬೇಕು. 2021ರ ಡ್ರೋನ್ ನಿಯಮಗಳಲ್ಲಿ ಹವ್ಯಾಸದ ಮಾದರಿ ವಿಮಾನವೂ ಸೇರಿದೆ. ಅದನ್ನು ಕಣ್ಣಳತೆಯಲ್ಲೇ ಹಾರಿಸಬೇಕು. 2 ಕೆ.ಜಿ. ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ಇರುವ ಕಡೆ 400 ಅಡಿವರೆಗೆ ಹಾರಿಸಬಹುದು, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿ ಮಾತ್ರ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಇಷ್ಟರ ಸುತ್ತ ವೃತ್ತ ಎಳೆದು ನೋಡಿ. ನಗರದಲ್ಲಿ ಏನು ಉಳಿಯುತ್ತದೆ ಅಂತ ಗೊತ್ತಾಗುತ್ತದೆ. ನೂರು ರೂಪಾಯಿ ಪೆಟ್ರೋಲ್ ಹಾಕಿಸಿಕೊಂಡು ಊರಾಚೆ ಹೋಗುವುದು ಉತ್ತಮ. ಹೊಲದವರನ್ನು ಒಂದು ಮಾತು ಕೇಳಿ ಇಳಿಯಿರಿ. ಬೇಡ ಅಂದವರನ್ನು ನಾನು ಇನ್ನೂ ನೋಡಿಲ್ಲ. "ಒಂದ್ಸಲ ನಮ್ ಹುಡುಗನ ಕೈಗೂ ಕೊಡಿ" ಅನ್ನುತ್ತಾರೆ, ಅಷ್ಟೆ.

ಪಾರ್ಕ್ ಜೆಟ್: ಚಪ್ಪಟೆ, ಗದ್ದಲ, ಗಟ್ಟಿ ಜೀವ

ಇದರ ಸಾಮಾನು ಎಲ್ಲ ಕಡೆ ಸಿಗುವಂಥದ್ದು. 2212 ಗಾತ್ರದ 2200 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಅಷ್ಟು ಸುತ್ತು) ಮೋಟರ್, 6 ಇಂಚಿನ ಪ್ರೊಪೆಲರ್, ಮೋಟರಿನ ವೇಗ ಹಿಡಿತದಲ್ಲಿಡುವ 30 ಆಂಪಿಯರ್ ಇಎಸ್‌ಸಿ, ರೆಕ್ಕೆಯ ಪಟ್ಟಿ ಆಡಿಸುವ 9 ಗ್ರಾಂ ಸರ್ವೊ ಎರಡು, 3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಲಿಪೊ ಬ್ಯಾಟರಿ. ಎಲ್ಲ ಸೇರಿ ವಿಮಾನ 600ರಿಂದ 700 ಗ್ರಾಂ ತೂಗುತ್ತದೆ. ಮೋಟರಿನ ಒತ್ತಡವೂ (ವಿಮಾನವನ್ನು ಮುಂದಕ್ಕೆ ತಳ್ಳುವ ಬಲ) ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಂದರೆ ಥ್ರಾಟಲ್ (ಮೋಟರಿನ ವೇಗ) ಪೂರ್ತಿ ಕೊಟ್ಟರೆ ಬಹುತೇಕ ನೆಟ್ಟಗೆ ಮೇಲೇರುತ್ತದೆ. ಒಂದು ಚಾರ್ಜಿಗೆ ಆರರಿಂದ ಎಂಟು ನಿಮಿಷ ಹಾರಾಟ.

ಇದರ ದೊಡ್ಡ ಗುಣ ಎಲ್ಲಿದೆ ಅಂದರೆ ಪ್ರೊಪೆಲರ್ ಕೂತಿರುವ ಜಾಗದಲ್ಲಿ. ಅದು ತಳ್ಳುವ ಗಾಳಿ ನೇರವಾಗಿ ಹಿಂದಿನ ಎಲೆವಾನ್‌ಗಳ, ಅಂದರೆ ವಿಮಾನ ತಿರುಗಿಸಲು ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿಗಳ, ಮೇಲೆ ಹೋಗುತ್ತದೆ. ವಿಮಾನ ತೀರ ನಿಧಾನವಾದಾಗಲೂ ಸ್ವಲ್ಪ ಥ್ರಾಟಲ್ ಕೊಟ್ಟರೆ ಸಾಕು, ರಿಮೋಟಿನ ಸ್ಟಿಕ್ ಹೇಳಿದ್ದು ಕೇಳುತ್ತದೆ. ಹೊಸಬರನ್ನು ಕಾಪಾಡುವುದು ಇದೇ. ಇಡಿಎಫ್‌ನಲ್ಲಿ ಈ ಸೌಲಭ್ಯ ಇಲ್ಲ.

ಚಪ್ಪಟೆ ಹಾಳೆ ಹಾರುತ್ತದಾ ಅಂತ ಕೆಲವರಿಗೆ ಅನುಮಾನ. ಹಾರುತ್ತದೆ. ಇನ್ನೂ ಚೆನ್ನಾಗಿ ಹಾರಬೇಕಾದರೆ ಒಂದು ಉಪಾಯ ಇದೆ. ರೆಕ್ಕೆಯ ಮೇಲ್ಭಾಗದಲ್ಲಿ ಮುಂದಿನ ಅರ್ಧಕ್ಕೆ ಮಾತ್ರ ಇನ್ನೊಂದು ಪದರ ಫೋಮ್ ಅಂಟಿಸಿ. ಅರ್ಧದಲ್ಲಿ ಒಂದು ಮೆಟ್ಟಿಲು ಬರುತ್ತದೆ. ಇದು ಕ್ಲೈನ್ ಮತ್ತು ಫೋಗಲ್‌ಮನ್ ಅನ್ನುವ ಇಬ್ಬರು ಅಮೆರಿಕನ್ನರ ಹೆಸರಿನ ರೆಕ್ಕೆ. ಕಾಗದದ ವಿಮಾನ ಮಡಚುತ್ತಾ ಹುಟ್ಟಿದ ಆಲೋಚನೆ, 1970ರ ದಶಕದಲ್ಲಿ ಪೇಟೆಂಟ್ ಆಯಿತು. ದೊಡ್ಡ ವಿಮಾನಕ್ಕೆ ಅದು ಉಪಯೋಗಕ್ಕೆ ಬರಲಿಲ್ಲ, ನಮ್ಮ ಫೋಮಿಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ರೆಕ್ಕೆ ಗಟ್ಟಿಯಾಗುತ್ತದೆ, ವೇಗ ಕಮ್ಮಿಯಾದಾಗ ಪಕ್ಕಕ್ಕೆ ಮಗುಚದೆ ಮೆತ್ತಗೆ ಕೆಳಗಿಳಿಯುತ್ತದೆ.

ಬಿದ್ದರೆ? ಮೂತಿ ಜಜ್ಜಿಹೋಗುತ್ತದೆ, ಅದೇ ಜಾಸ್ತಿ. ಪ್ರೊಪೆಲರ್ ಮಧ್ಯದಲ್ಲಿ, ಮೋಟರ್ ಮಧ್ಯದಲ್ಲಿ, ಹೊಡೆತ ತಿನ್ನುವುದು ಹತ್ತು ರೂಪಾಯಿಯ ಫೋಮ್. ನನ್ನ ಮೊದಲ ಪಾರ್ಕ್ ಜೆಟ್‌ಗೆ ಐದು ಮೂತಿ ಬದಲಾಗಿದೆ. ಐದನೆಯದು ಫ್ರಿಜ್ ಡಬ್ಬಿಯ ಥರ್ಮೋಕೋಲಿನದು. ಮೋಟರ್ ಮಾತ್ರ ಮೊದಲ ದಿನದ್ದೇ.

ಇನ್ನು ದೋಷಗಳು. ಸದ್ದು ಮಿಕ್ಸಿಯದು. ಮೈ ಅಡ್ಡ ಬಂದು ಕದಡಿದ ಗಾಳಿಯನ್ನು ಪ್ರೊಪೆಲರ್ ಕತ್ತರಿಸುವುದರಿಂದ 'ರ್ರ್ರ್' ಅಂತ ಕೂಗುತ್ತದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಮನೆ ಸಾಲಿನ ಹತ್ತಿರ ಹಾರಿಸಿದರೆ ಬೈಗುಳ ಖಂಡಿತ. ಹತ್ತಿರದಿಂದ ನೋಡಿದರೆ ಚಪ್ಪಟೆ ಚಿತ್ರಕ್ಕೆ ಎರಡು ಬಾಲ ಅಂಟಿಸಿದ ಹಾಗಿರುತ್ತದೆ. ನೂರು ಅಡಿ ಮೇಲೆ ಹೋದಾಗ ಮಾತ್ರ ಜೆಟ್.

ಎಸೆಯುವುದು ಇದರಲ್ಲಿ ಕಲಿಯಬೇಕಾದ ಮುಖ್ಯ ಕೆಲಸ. ಪ್ರೊಪೆಲರ್ ಕೈಯ ಹಿಂದೆ ಇರುತ್ತದೆ, ಕೈ ಮುಂದೆ ಹೋಗಿ ವಿಮಾನ ಬಿಟ್ಟಾಗ ಅದು ಬೆರಳಿನ ಮೇಲಿಂದಲೇ ಹಾದುಹೋಗುತ್ತದೆ. ನಾನು ಒಂದು ಸಲ ಹಿಂದುಗಡೆ ಹಿಡಿದು ಎಸೆದೆ. ತೋರುಬೆರಳಿನ ಉಗುರು ಅರ್ಧ ಹಾರಿಹೋಯಿತು, ತಿಂಗಳು ಪೂರ್ತಿ ಎಡಗೈಯಲ್ಲಿ ಅನ್ನ ಕಲಸಬೇಕಾಯಿತು. ಈಗ ಮಾಡುವುದು ಹೀಗೆ. ಗಾಳಿಗೆ ಎದುರು ನಿಲ್ಲುತ್ತೇನೆ. ಸೀಳಿಗಿಂತ ಒಂದು ಗೇಣು ಮುಂದೆ, ಹೊಟ್ಟೆಯ ಕೆಳಗೆ ಅಂಟಿಸಿದ ಫೋಮ್ ಪಟ್ಟಿಯನ್ನು ಹಿಡಿಯುತ್ತೇನೆ. ಎರಡೂ ಎಲೆವಾನ್ 2-3 ಮಿಲಿಮೀಟರ್ ಮೇಲಕ್ಕೆ ಇಟ್ಟಿರುತ್ತೇನೆ. ಥ್ರಾಟಲ್ ಮುಕ್ಕಾಲು, ಪೂರ್ತಿ ಬೇಡ. ಪೂರ್ತಿ ಕೊಟ್ಟರೆ ಮೋಟರಿನ ತಿರುಚುವ ಬಲಕ್ಕೆ ವಿಮಾನ ಕೈಬಿಟ್ಟ ಕೂಡಲೇ ಒಂದು ಪಕ್ಕಕ್ಕೆ ಉರುಳುತ್ತದೆ. ಎಸೆಯುವುದು ಕ್ರಿಕೆಟ್ ಬಾಲಿನ ಹಾಗಲ್ಲ, ದಿಗಂತದ ಕಡೆಗೆ ಮಟ್ಟಸವಾಗಿ ತಳ್ಳಿದ ಹಾಗೆ. ಆಮೇಲೆ ಕೈ ಸೀದಾ ಸ್ಟಿಕ್ಕಿಗೆ.

ಇಡಿಎಫ್: ಸದ್ದಿಗೆ ಕೊಡುವ ಬೆಲೆ

6 ಇಂಚಿನ ಪ್ರೊಪೆಲರ್ ತಿರುಗುವ ವೃತ್ತದ ವಿಸ್ತೀರ್ಣ ಸುಮಾರು 180 ಚದರ ಸೆಂಟಿಮೀಟರ್. 64 ಮಿಲಿಮೀಟರ್ ಫ್ಯಾನಿನದು 32. ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಕಮ್ಮಿ ಗಾಳಿಯನ್ನು ಹಿಡಿದು ಅಷ್ಟೇ ಒತ್ತಡ ಕೊಡಬೇಕಾದರೆ ಆ ಗಾಳಿಯನ್ನು ಬಹಳ ಜೋರಾಗಿ ಉಗುಳಬೇಕು, ಅದಕ್ಕೆ ಕರೆಂಟ್ ಜಾಸ್ತಿ ಬೇಕು. ಇಡಿಎಫ್‌ನ ಎಲ್ಲ ಸುಖದುಃಖ ಇಲ್ಲಿಂದಲೇ ಶುರು.

ಸುಖ ಮೊದಲು ಹೇಳುತ್ತೇನೆ. ಗಾಳಿ ಜೋರಾಗಿ ಹೊರಡುವುದರಿಂದ ವಿಮಾನವೂ ಜೋರಾಗಿ ಹೋಗಬಲ್ಲದು. ಮೈ ದುಂಡಗೆ, ನಿಜವಾದ ಜೆಟ್ ಥರ ಕಟ್ಟಬಹುದು. ಕೈಗೆ ಸಿಗುವ ಜಾಗದಲ್ಲಿ ತಿರುಗುವ ಅಲಗಿಲ್ಲ. ತಿರುಚುವ ಬಲವೂ ಅಷ್ಟಾಗಿ ಕಾಡುವುದಿಲ್ಲ. ಮತ್ತೆ ಆ ಸದ್ದು. ಹನ್ನೊಂದು, ಹನ್ನೆರಡು ರೆಕ್ಕೆಯ ಫ್ಯಾನ್ ತಲೆ ಮೇಲಿಂದ ಹೋದಾಗ ಹೊಲದಲ್ಲಿ ಕೆಲಸ ಮಾಡುವವರೂ ಕತ್ತೆತ್ತಿ ನೋಡುತ್ತಾರೆ.

ದುಃಖಗಳು ಸಾಲಾಗಿ ಬರುತ್ತವೆ. 64 ಮಿಲಿಮೀಟರ್ ಫ್ಯಾನ್ 4ಎಸ್ ಬ್ಯಾಟರಿಯಲ್ಲಿ ಪೂರ್ತಿ ಥ್ರಾಟಲ್‌ಗೆ ಹತ್ತಿರ ಹತ್ತಿರ 50 ಆಂಪಿಯರ್ ಎಳೆಯುತ್ತದೆ. ಹಾರಾಟ ಮೂರೂವರೆ, ನಾಲ್ಕು ನಿಮಿಷ, ಅಷ್ಟರಲ್ಲಿ ಇಳಿಸಲೇಬೇಕು. ಬ್ಯಾಟರಿಯ ಮೇಲೆ 25ಸಿ (ಸಾಮರ್ಥ್ಯದ 25 ಪಟ್ಟು ಕರೆಂಟ್) ಅಂತ ಬರೆದ 2200 ಎಂಎಎಚ್ ಪ್ಯಾಕು ಲೆಕ್ಕಕ್ಕೆ 55 ಆಂಪಿಯರ್ ಕೊಡಬೇಕು. ಆದರೆ ಆ ಚೀಟಿಯನ್ನು ನಂಬಿ ಅಂಚಿನಲ್ಲಿ ಓಡಿಸಿದರೆ ಬ್ಯಾಟರಿ ಊದಿಕೊಳ್ಳುತ್ತದೆ. ಇಡಿಎಫ್‌ಗೆ 40ಸಿ ಅಥವಾ ಮೇಲಿನದೇ ತಗೊಳ್ಳಿ. ಅಲ್ಲಿಗೆ ಬ್ಯಾಟರಿಯ ಬೆಲೆಯೂ ಏರಿತು, ತೂಕವೂ ಏರಿತು.

ಎರಡನೆಯದು, ತಡ. ಥ್ರಾಟಲ್ ಕೊಟ್ಟ ಮೇಲೆ ಫ್ಯಾನ್ ವೇಗ ಹಿಡಿಯಲು ಒಂದು ಕ್ಷಣ ಬೇಕು, ಆಮೇಲೆ ವಿಮಾನ ವೇಗ ಹಿಡಿಯಲು ಇನ್ನೊಂದು ಕ್ಷಣ. ಎಲೆವಾನ್ ಮೇಲೆ ಪ್ರೊಪೆಲರಿನ ಗಾಳಿ ಇಲ್ಲ. ನಿಧಾನವಾಗಿ ಇಳಿಸುವಾಗ ವಿಮಾನ ಕುಸಿಯಿತು ಅನ್ನಿಸಿದರೆ, ಆಗ ಥ್ರಾಟಲ್ ಕೊಟ್ಟು ಉಳಿಸಿಕೊಳ್ಳುವ ಹೊತ್ತು ಮೀರಿರುತ್ತದೆ. ಹಾಗಾಗಿ ಇಡಿಎಫ್ ಇಳಿಸುವಾಗ ಫ್ಯಾನನ್ನು ಪೂರ್ತಿ ನಿಲ್ಲಿಸದೆ, ಕಾಲು ಭಾಗ ಓಡುತ್ತಿರುವಂತೆ ಇಟ್ಟು, ನೆಲಕ್ಕೆ ಒಂದು ಮೊಳ ಇದ್ದಾಗ ನಿಲ್ಲಿಸಬೇಕು. ಇದನ್ನು ಹೇಳುವುದು ಸುಲಭ.

ಅದನ್ನೇ ನಾನು ತಪ್ಪಿದ್ದು. ನನ್ನ ಮೊದಲ 64 ಮಿಲಿಮೀಟರ್ ಜೆಟ್ ರಾಗಿ ಕೂಳೆಯ ಮೇಲೆ ಚೆನ್ನಾಗಿಯೇ ಇಳಿಯಿತು. ಖುಷಿಯಲ್ಲಿ ಥ್ರಾಟಲ್ ಕೆಳಗೆ ತರುವುದು ಮರೆತೆ. ಹೊಟ್ಟೆಯ ಕೆಳಗಿನ ತೂತು ಒಣ ರಾಗಿ ಹುಲ್ಲನ್ನು ಎಳೆದುಕೊಂಡಿತು. 'ಟಕ್' ಅಂತ ಒಂದು ಸದ್ದು. ಎರಡು ರೆಕ್ಕೆ ಮುರಿದ ಫ್ಯಾನ್ ನಡುಗಿದ ರಭಸಕ್ಕೆ ಅದನ್ನು ಕೂರಿಸಿದ ಪ್ಲೈವುಡ್ ಉಂಗುರವೂ ಕಿತ್ತು ಬಂತು. ಪಾರ್ಕ್ ಜೆಟ್ ಆಗಿದ್ದರೆ ಪ್ರೊಪೆಲರ್ ಬದಲಿಸಿ ಅರ್ಧ ಗಂಟೆಯಲ್ಲಿ ಮತ್ತೆ ಹಾರಿಸುತ್ತಿದ್ದೆ. ಇಲ್ಲಿ ಹೊಸ ಫ್ಯಾನ್ ಬರಲು ಹತ್ತು ದಿನ ಕಾದೆ.

ಕಟ್ಟುವುದರಲ್ಲೂ ಕೆಲಸ ಬೇರೆಯೇ. ಗಾಳಿ ಬರುವ ಬಾಯಿಯ ಅಂಚು ದುಂಡಗಿರಬೇಕು, ಚೂಪು ಅಂಚಿದ್ದರೆ ನಿಂತಲ್ಲಿ ಮತ್ತು ಎಸೆಯುವಾಗ ಒತ್ತಡ ಕಮ್ಮಿಯಾಗುತ್ತದೆ. ಹೋಗುವ ಬಾಯಿ ಫ್ಯಾನಿನಲ್ಲಿ ಗಾಳಿ ಹಾಯುವ ವಿಸ್ತೀರ್ಣದ 85ರಿಂದ 90 ಶೇಕಡ ಇದ್ದರೆ ಒತ್ತಡ ಮತ್ತು ವೇಗ ಎರಡೂ ಸಿಗುತ್ತವೆ. ವಿಸ್ತೀರ್ಣ ಅಳೆಯುವಾಗ ನಡುವಿನ ಮೋಟರ್ ಗುಬ್ಬಿಯನ್ನು ಕಳೆಯುವುದು ಮರೆಯಬೇಡಿ. ಹಿಂದಿನ ಕೊಳವೆಗೆ ಹಳೆಯ ಓಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್) ಸುತ್ತಿದರೆ ನುಣುಪಾಗಿ ಬರುತ್ತದೆ. ಮುಂದಿನ ಕೊಳವೆಯನ್ನು ಮಾತ್ರ ತೆಳುವಾಗಿ ಬಿಡಬೇಡಿ, ಪೂರ್ತಿ ಥ್ರಾಟಲ್‌ಗೆ ಅದು ಒಳಕ್ಕೆ ಸೊಟ್ಟಗಾಗಿ ಫ್ಯಾನಿಗೆ ತಾಗುತ್ತದೆ. ಮೂತಿಯ ತೂತು ಚಿಕ್ಕದಾದರೆ ಹೊಟ್ಟೆಯ ಕೆಳಗೆ ಇನ್ನೊಂದು ತೂತು ಕೊಡುವುದು ವಾಡಿಕೆ. ಅದು ಹುಲ್ಲನ್ನೂ ದೂಳನ್ನೂ ಎಳೆಯುತ್ತದೆ ಅನ್ನುವುದಕ್ಕೆ ಮೇಲಿನ ಕಥೆಯೇ ಸಾಕ್ಷಿ. ಇದನ್ನೆಲ್ಲ ಮಾಡಲು ನನಗೆ ಒಂದು ತಿಂಗಳ ಸಂಜೆಗಳು ಹಿಡಿದವು. ಪಾರ್ಕ್ ಜೆಟ್ ಎರಡು ಭಾನುವಾರದ ಕೆಲಸ.

50 ಮಿಲಿಮೀಟರ್ ಫ್ಯಾನ್ ಅಗ್ಗ, ಅದರಿಂದ ಶುರು ಮಾಡೋಣ ಅಂತ ಅನೇಕರು ಯೋಚಿಸುತ್ತಾರೆ. ಬೇಡ ಅನ್ನುತ್ತೇನೆ. ಅಷ್ಟು ಕಮ್ಮಿ ಒತ್ತಡಕ್ಕೆ ಹೊಂದುವ ಹಾಗೆ ಹಗುರವಾಗಿ ಕಟ್ಟುವುದು ಪಳಗಿದವರ ಕೆಲಸ. ಕೈಯಿಂದ ಕಟ್ಟುವವರಿಗೆ 64 ಸರಿಯಾದ ಮೊದಲ ಮೆಟ್ಟಿಲು. 70 ಇನ್ನೂ ಚೆಂದ, ಖರ್ಚೂ ಹಾಗೇ.

ರೆಡಿಮೇಡ್: ದುಡ್ಡಿದೆ, ಸಮಯವಿಲ್ಲ

ಅಚ್ಚಿನ ಇಪಿಒ ಫೋಮ್ ಗಟ್ಟಿ, ನುಣುಪು, ಫೆವಿಕ್ವಿಕ್ ಥರದ ಅಂಟಿಗೆ ಕರಗುವುದಿಲ್ಲ. ಬಣ್ಣ, ಪೈಲಟ್ ಗೊಂಬೆ, ದೀಪ ಎಲ್ಲ ಬಂದಿರುತ್ತದೆ. ಸಮತೋಲದ ಜಾಗ ಪುಸ್ತಕದಲ್ಲೇ ಇರುತ್ತದೆ. ಕೆಲವದರಲ್ಲಿ ಗಾಳಿಯ ಹೊಯ್ದಾಟವನ್ನು ತಾನೇ ಸರಿಮಾಡುವ ಜೈರೊ ಕೂಡ ಇರುತ್ತದೆ. ಮೊದಲ ಹಾರಾಟದಲ್ಲೇ ಸರಿಯಾಗಿ ಹಾರುವ ಸಂಭವ ಮೂರರಲ್ಲಿ ಇದಕ್ಕೇ ಜಾಸ್ತಿ. ಇದನ್ನು ಒಪ್ಪಿಕೊಳ್ಳಲು ಕಟ್ಟುವವರಿಗೆ ಹೊಟ್ಟೆಯುರಿ, ಆದರೂ ನಿಜ.

ತೊಂದರೆ ಬಿದ್ದ ಮೇಲೆ. ಮೂತಿಯ ಭಾಗ ಬೇಕು ಅಂದರೆ ಅದೇ ಮಾದರಿಯ ಮೂತಿ ಬೇಕು. ಆ ಮಾದರಿ ನಿಂತುಹೋಗಿದ್ದರೆ ಉಳಿದದ್ದು ಷೋಕೇಸಿಗೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಜೋಡಿಸಿದ ಡ್ರೋನ್‌ಗಳ ಆಮದು ನಿಷೇಧಿಸಿತು, ಬಿಡಿಭಾಗಗಳಿಗೆ ತಡೆ ಇಲ್ಲ. ಜೆಟ್ ಡಬ್ಬಿಯನ್ನು ಹೊರದೇಶದಿಂದ ತರಿಸಿ ಕಸ್ಟಮ್ಸ್ ಬಾಗಿಲಲ್ಲಿ ಇದು ಡ್ರೋನಾ, ಆಟಿಕೆಯಾ ಅಂತ ವಾದ ಮಾಡುವ ಬದಲು, ಇಲ್ಲೇ ದಾಸ್ತಾನು ಇಟ್ಟಿರುವವರ ಹತ್ತಿರ ಕೊಳ್ಳಿ. ಕೊಳ್ಳುವ ಮೊದಲು "ಇದರ ಮೂತಿ, ರೆಕ್ಕೆ ಬಿಡಿಯಾಗಿ ಸಿಗುತ್ತಾ?" ಅಂತ ಕೇಳಿ. ಇಲ್ಲ ಅಂದರೆ ಬೇರೆ ಮಾದರಿ ನೋಡಿ. ಅಮೆರಿಕದಲ್ಲಿರುವ ನಮ್ಮವರಿಗೆ ಈ ತಲೆನೋವು ಕಮ್ಮಿ. ಅಲ್ಲಿ 250 ಗ್ರಾಂ ಮೀರಿದರೆ ವಿಮಾನಯಾನ ಇಲಾಖೆ ಎಫ್‌ಎಎಯಲ್ಲಿ ನೋಂದಣಿ ಆಗಬೇಕು, ತೂಕ ಎಷ್ಟೇ ಇರಲಿ ಹವ್ಯಾಸಕ್ಕೆ ಹಾರಿಸುವವರು ಒಂದು ಸುಲಭ ಆನ್‌ಲೈನ್ ಪರೀಕ್ಷೆ ಮುಗಿಸಬೇಕು.

ಹಾಳೆ ಯಾವುದು

ಕಟ್ಟುವ ದಾರಿ ಹಿಡಿದವರಿಗೆ ಮುಂದಿನ ಗೊಂದಲ ಇದು. ಡೆಪ್ರಾನ್ ಥರದ ನುಣುಪು ಪಾಲಿಸ್ಟೈರಿನ್ ಹಾಳೆ ನನ್ನ ಮೊದಲ ಆಯ್ಕೆ. 6 ಮಿಲಿಮೀಟರಿನದು ಚದರ ಮೀಟರಿಗೆ 200 ಗ್ರಾಂ ಆಸುಪಾಸು. ಹೊಸ ಬ್ಲೇಡಿನಲ್ಲಿ ಬೆಣ್ಣೆಯ ಹಾಗೆ ಕತ್ತರಿಸುತ್ತದೆ, ಹಳೆ ಬ್ಲೇಡಿನಲ್ಲಿ ಕಿತ್ತುಬರುತ್ತದೆ. ಎರಡು ಮೂರು ಉದ್ದ ಕತ್ತರಿಸಿದ ಮೇಲೆ ಕಟರಿನ ತುದಿ ಮುರಿದುಬಿಡಿ. ಕಾಗದ ಅಂಟಿಸಿದ ಫೋಮ್ ಬೋರ್ಡ್ ಸ್ವಲ್ಪ ಭಾರ, ಆದರೆ ಮಡಚಿ ಪೆಟ್ಟಿಗೆ ಮಾಡಲು ಚೆನ್ನ. ಮುಂಜಾವಿನ ಇಬ್ಬನಿ ಹುಲ್ಲಿನ ಮೇಲೆ ಇಳಿಸಿದರೆ ಕಾಗದ ಏಳುತ್ತದೆ. ಇಪಿಪಿ ಅನ್ನುವ ಫೋಮ್ ಬಿದ್ದರೆ ಪುಟಿಯುತ್ತದೆ. ಕಾರಿನ ಬಂಪರ್ ಒಳಗೆ ಇಡುವ ಫೋಮ್ ಅದೇ ಜಾತಿಯದು. ಆದರೆ ಬಳುಕುತ್ತದೆ, ಕಾರ್ಬನ್ ಕಡ್ಡಿ ಹಾಕದೆ ಜೆಟ್ ಆಗುವುದಿಲ್ಲ. ದಿನಾ ಬೀಳಿಸುವವರಿಗೆ ಅದೇ ಸರಿ.

ಸನ್‌ಬೋರ್ಡ್ ಅಂತ ಕೇಳಿ ಪಿವಿಸಿ ಹಾಳೆ ತಂದವರನ್ನು ನೋಡಿದ್ದೇನೆ. ಡೆಪ್ರಾನಿಗಿಂತ ಹತ್ತು ಪಟ್ಟು ಭಾರ ಅದು. ಅಂಗಡಿಯಲ್ಲೇ ಎರಡು ಬೆರಳಲ್ಲಿ ಎತ್ತಿ ನೋಡಿ, ತೂಕ ಗೊತ್ತಾದರೆ ವಾಪಸ್ ಇಡಿ.

ಅಂಟಿನ ಬಗ್ಗೆ ಒಂದೇ ಎಚ್ಚರಿಕೆ. ಥರ್ಮೋಕೋಲ್ ಮತ್ತು ಡೆಪ್ರಾನ್ ಎರಡನ್ನೂ ಮಾಮೂಲಿ ಕ್ಷಣದ ಅಂಟು, ರಬ್ಬರ್ ಅಂಟು, ಸ್ಪ್ರೇ ಪೇಂಟ್ ತಿಂದುಹಾಕುತ್ತವೆ. ಬೂದು ಬಣ್ಣ ಬಳಿದ ನನ್ನ ಮೊದಲ ರೆಕ್ಕೆ ಕಣ್ಣೆದುರೇ ಹಪ್ಪಳದ ಹಾಗೆ ಗುಳ್ಳೆ ಎದ್ದು ಕುಸಿದಿತ್ತು. ಗ್ಲೂ ಗನ್ ಸಾಕು. ಅಂಟು ಕುದಿಯುತ್ತಿದ್ದರೆ ಫೋಮ್ ಕರಗುತ್ತದೆ, ತುಂಡಿನ ಮೇಲೆ ಪರೀಕ್ಷಿಸಿ. ಬಣ್ಣಕ್ಕೆ ನೀರಿನ ಅಕ್ರಿಲಿಕ್.

ಯಾವ ವಿಮಾನದ ರೂಪ

ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ಕಟ್ಟಬೇಕು ಅನ್ನುವ ಆಸೆ ಎಲ್ಲರಿಗೂ. ಅದು 2001ರ ಜನವರಿ 4ರಂದು ಮೊದಲು ಹಾರಿದ್ದು ಇಲ್ಲೇ. ಸಂತೋಷದ ಸಂಗತಿ ಅಂದರೆ ಆ ರೂಪ ಫೋಮಿಗೆ ಒಗ್ಗುತ್ತದೆ. ಹಿಂದಿನ ಅಡ್ಡ ಬಾಲ ಇಲ್ಲ, ಎರಡೇ ಸರ್ವೊ ಸಾಕು. ಅಸಲಿ ಉದ್ದ 13.2 ಮೀಟರ್, ರೆಕ್ಕೆ ಅಗಲ 8.2. ಹನ್ನೆರಡರಲ್ಲಿ ಒಂದು ಪಾಲು ಮಾಡಿದರೆ 110 ಸೆಂಟಿಮೀಟರ್ ಉದ್ದ, 68 ಅಗಲ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವ ಗಾತ್ರ. ರೆಕ್ಕೆಯ ವಿಸ್ತೀರ್ಣ ಕಾಲು ಚದರ ಮೀಟರಿಗೆ ಸ್ವಲ್ಪ ಮೇಲೆ. ಅದರ ಮೇಲೆ ಪಾರ್ಕ್ ಜೆಟ್ಟಿನ 650 ಗ್ರಾಂ ಹೊರಿಸಿದರೆ ಗಾಳಿಯಲ್ಲಿ ತೇಲುತ್ತದೆ. ಅದೇ ಗಾತ್ರಕ್ಕೆ ಇಡಿಎಫ್ ಮತ್ತು 4ಎಸ್ ಬ್ಯಾಟರಿ ಹಾಕಿ ಒಂದು ಕೆ.ಜಿ. ಹತ್ತಿರ ಹೋದರೆ ಇಳಿಯುವ ವೇಗ ಕೂಡಲೇ ಏರುತ್ತದೆ. ತೇಜಸ್‌ನಂಥ ಡೆಲ್ಟಾ (ತ್ರಿಕೋನ) ರೆಕ್ಕೆಯ ಸ್ವಭಾವ ಒಂದು ನೆನಪಿಡಿ. ಮೂತಿ ಎತ್ತಿ ನಿಧಾನಕ್ಕೆ ಬರುತ್ತದೆ, ಥ್ರಾಟಲ್ ತೆಗೆದರೆ ಮಾತ್ರ ಇಟ್ಟಿಗೆ.

ಮೊದಲ ಪಾರ್ಕ್ ಜೆಟ್‌ಗೆ ಇನ್ನೂ ಸುಲಭದ್ದು ಬೇಕಾದರೆ ಅಮೆರಿಕದ ಫೈಟರ್ ಎಫ್-22. ಅಗಲ ಮೈ, ದೊಡ್ಡ ರೆಕ್ಕೆ, ಉಚಿತ ನಕ್ಷೆಗಳು ಬೇಕಾದಷ್ಟು. ಸುಖೋಯ್-30 ಚೆಂದ, ಕೆಲಸ ಜಾಸ್ತಿ. 1961ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಮಾರುತ್ ಫೈಟರ್ ನನಗೆ ಎಲ್ಲಕ್ಕಿಂತ ಇಷ್ಟ. ಕುರ್ಟ್ ಟ್ಯಾಂಕ್ ಅನ್ನುವ ಜರ್ಮನ್ ಎಂಜಿನಿಯರ್ ನಮ್ಮವರ ಜೊತೆ ರೂಪಿಸಿದ್ದು. ಆದರೆ ಅದರ ಸಪೂರ ಮೈ, ಹಿಂದಕ್ಕೆ ವಾಲಿದ ತೆಳು ರೆಕ್ಕೆ ಚಪ್ಪಟೆ ಫೋಮಿಗೆ ಬಗ್ಗುವುದಿಲ್ಲ. ಎರಡನೆಯ ಇಡಿಎಫ್‌ಗೆ ಇಟ್ಟುಕೊಂಡಿದ್ದೇನೆ.

ದುಡ್ಡಿನ ಲೆಕ್ಕ

ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ, ಅಂದಾಜು ಹೇಳುತ್ತೇನೆ. ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಮತ್ತು ಚಾರ್ಜರ್ ಈಗಾಗಲೇ ಇದೆ ಅಂದುಕೊಂಡರೆ, ಪಾರ್ಕ್ ಜೆಟ್‌ಗೆ ಬ್ಯಾಟರಿ ಸೇರಿ ನಾಲ್ಕು ಸಾವಿರದ ಆಸುಪಾಸು. 64 ಮಿಲಿಮೀಟರ್ ಇಡಿಎಫ್‌ಗೆ ಫ್ಯಾನ್, 60 ಆಂಪಿಯರ್ ಇಎಸ್‌ಸಿ, 4ಎಸ್ ಬ್ಯಾಟರಿ ಸೇರಿ ಅದರ ಎರಡರಿಂದ ಎರಡೂವರೆ ಪಟ್ಟು. ರೆಡಿಮೇಡ್ ಅದಕ್ಕಿಂತಲೂ ಮೇಲೆ, ದೊಡ್ಡ ಗಾತ್ರಕ್ಕೆ ಹೋದರೆ ಮಿತಿಯೇ ಇಲ್ಲ. ಟ್ರಾನ್ಸ್‌ಮಿಟರ್ ಇಲ್ಲದವರು ಎಲೆವಾನ್ ಮಿಕ್ಸಿಂಗ್ (ಏರಿಳಿತ, ಹೊರಳು ಎರಡನ್ನೂ ಅದೇ ಪಟ್ಟಿಗಳಿಂದ ಮಾಡಿಸುವುದು) ಇರುವ ಆರು ಚಾನೆಲ್ಲಿನದು ತಗೊಳ್ಳಿ, ಫ್ಲೈಸ್ಕೈ ಎಫ್‌ಎಸ್-ಐ6 ಥರದ್ದು ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂತಿ, ಕನೆಕ್ಟರ್, ಶ್ರಿಂಕ್ ಟ್ಯೂಬು ಅಗ್ಗಕ್ಕೆ ಸಿಗುತ್ತವೆ.

ಲೆಕ್ಕಕ್ಕೆ ಬರದ ಖರ್ಚು ಬ್ಯಾಟರಿಯದು. ನಾಲ್ಕು ನಿಮಿಷದ ಹಾರಾಟಕ್ಕೆ ಐವತ್ತು ಕಿಲೋಮೀಟರ್ ಹೋಗಿ ಒಂದೇ ಬ್ಯಾಟರಿ ತಂದವರು ಎರಡನೆಯದನ್ನು ಮುಂದಿನ ವಾರವೇ ಕೊಳ್ಳುತ್ತಾರೆ. ಲಿಪೊ ಪೂರ್ತಿ ತುಂಬಿದಾಗ ಸೆಲ್ಲಿಗೆ 4.2 ವೋಲ್ಟ್. ಹಾರಿಸದೆ ಇಡುವಾಗ 3.8ಕ್ಕೆ ಇಳಿಸಿ ಇಡಿ. ತುಂಬಿಸಿ ಕಪಾಟಿನಲ್ಲಿ ಮರೆತರೆ ಎರಡು ತಿಂಗಳಲ್ಲಿ ದಿಂಬು ಆಗಿರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಹಾಸ್ಟೆಲಿನಲ್ಲಿರುವ ಎಂಜಿನಿಯರಿಂಗ್ ಹುಡುಗ, ಜೇಬಿನಲ್ಲಿ ಐದು ಸಾವಿರ, ಕಾಲೇಜು ಮೈದಾನ ಇದೆ: ಪಾರ್ಕ್ ಜೆಟ್, ಎಫ್-22, ಡೆಪ್ರಾನ್. ಇದರಲ್ಲಿ ಎರಡನೇ ಯೋಚನೆ ಬೇಡ.

ಬೆಂಗಳೂರಿನಲ್ಲಿ ಕೆಲಸ, ತಿಂಗಳಿಗೆ ಎರಡು ಭಾನುವಾರ ಬಿಡುವು, ದುಡ್ಡಿಗೆ ಕೊರತೆ ಇಲ್ಲ, ಟ್ರೇನರ್ ಮತ್ತು ಇನ್ನೊಂದು ಐಲರಾನ್ (ರೆಕ್ಕೆಯಲ್ಲಿ ಆಡುವ ಪಟ್ಟಿ) ಇರುವ ವಿಮಾನ ಸರಾಗವಾಗಿ ಇಳಿಸಬಲ್ಲಿರಿ: ರೆಡಿಮೇಡ್ ಜೆಟ್ ತಗೊಳ್ಳಿ. ಚಕ್ರ ಬಿಚ್ಚಿ ಕೈಯಿಂದ ಎಸೆಯಬಹುದಾದ ಚಿಕ್ಕದು ಆದರೆ ಕೆರೆ ಅಂಗಳದಲ್ಲೂ ನಡೆಯುತ್ತದೆ. ಆದರೆ ಟ್ರೇನರ್ ಮಾತ್ರ ಹಾರಿಸಿದವರು ದುಡ್ಡಿದೆ ಅಂತ ಇದಕ್ಕೆ ಹಾರಬೇಡಿ.

ಕಟ್ಟುವುದೇ ಖುಷಿ, ಹಾರಿಸುವುದು ನೆಪ ಅನ್ನುವವರಿಗೆ ಇಡಿಎಫ್. ಮೊದಲು ಅದೇ ವಿಮಾನವನ್ನು ಪ್ರೊಪೆಲರ್ ಹಾಕಿ ಹಾರಿಸಿ, ಸ್ವಭಾವ ತಿಳಿದುಕೊಂಡು, ಆಮೇಲೆ ಎರಡನೆಯ ಮೈಯಲ್ಲಿ ಫ್ಯಾನ್ ಕೂರಿಸುವುದು ನನ್ನ ದಾರಿ. ಸರ್ವೊ, ರಿಸೀವರ್ ಅದೇ ಸಾಕಾಗುತ್ತದೆ.

ಯಾವುದೇ ಆಗಲಿ, ಜೂನ್ ಜುಲೈನಲ್ಲಿ ಕಟ್ಟಿ. ಆಷಾಢದ ಗಾಳಿಯನ್ನು ಗಾಳಿಪಟದ ಹುಡುಗರಿಗೆ ಬಿಟ್ಟುಕೊಡಿ. ಹಾರಿಸುವ ಹೊತ್ತು ಬೆಳಿಗ್ಗೆ ಆರೂವರೆಯಿಂದ ಎಂಟೂವರೆ.

ಇನ್ನೂ ಮನಸ್ಸು ಗಟ್ಟಿಯಾಗದವರು, ಜೊತೆಗೆ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಈ ಭಾನುವಾರ ಹೀಗೆ ಮಾಡಿ. ಇಷ್ಟಪಟ್ಟ ಜೆಟ್‌ನ ನಕ್ಷೆಯನ್ನು ಕಾಲು ಗಾತ್ರಕ್ಕೆ ಪ್ರಿಂಟ್ ಹಾಕಿ, ಪ್ಯಾಕಿಂಗಿನ ತೆಳು ಥರ್ಮೋಕೋಲಿನಲ್ಲಿ ಕತ್ತರಿಸಿ. ಮೂತಿಗೆ ಒಂದು ರೂಪಾಯಿ ನಾಣ್ಯ ಟೇಪಿನಲ್ಲಿ ಅಂಟಿಸಿ ಮಗಳ ಕೈಗೆ ಕೊಡಿ, ವರಾಂಡದಿಂದ ಎಸೆಯಲಿ. ಮೂತಿ ಕೆಳಗಾಗಿ ಬಿದ್ದರೆ ನಾಣ್ಯ ಹಿಂದಕ್ಕೆ, ಮೂತಿ ಎತ್ತಿ ಕುಸಿದರೆ ಮುಂದಕ್ಕೆ. ನೆಟ್ಟಗೆ ತೇಲಿ ಹೋದಾಗ ಅದನ್ನು ಎರಡು ಬೆರಳ ಮೇಲೆ ತೂಗಿ, ಎಲ್ಲಿ ಸಮವಾಗಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಮೂತಿಯಿಂದ ಆ ಗುರುತಿನ ದೂರವನ್ನು ನಾಲ್ಕರಿಂದ ಗುಣಿಸಿದರೆ ದೊಡ್ಡ ವಿಮಾನದ ಬ್ಯಾಟರಿ ಎಲ್ಲಿ ಕೂರಬೇಕು ಅನ್ನುವ ಲೆಕ್ಕಕ್ಕೆ ಬೇಕಾದ ಅಳತೆ ಸಿಕ್ಕಿತು. ಚಿಕ್ಕದನ್ನು ಮಗಳು ವಾಪಸ್ ಕೊಡುವುದಿಲ್ಲ, ಇನ್ನೊಂದು ಕತ್ತರಿಸಿ ಇಟ್ಟುಕೊಂಡಿರಿ.